ತೊಗಲಿನ ಕೈಗವಸು

ಅರ್ಧ ಆಯುಷ್ಯ ಸಿಮೆಂಟಿನಲ್ಲಿ ಕೈಯಾಡಿಸಿದ ಅಂಕಲಗಿಯ ಗೌಂಡಿ ನಾನು. ಪ್ಲಾಸ್ಟರಿನ ಮೂಲೆಯನ್ನು ಕರಣಿ ಬದಿಗಿಟ್ಟು ಬರಿಬೆರಳಿನಲ್ಲೇ ತೀಡುವುದು ನಮ್ಮವರ ದೌಲತ್ತು. ಕರಣಿಯಲ್ಲಿ ತೀಡುವವನನ್ನು ನಾವು ಗೌಂಡಿಯೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆ ಸೊಕ್ಕಿಗೆ ಸಿಕ್ಕ ಇನಾಮು ಬೆರಳ ಸಂದಿಯ ತುರಿಕೆ. ಆಮೇಲೆ ಗುಳ್ಳೆ, ಸೀಳು. ಮೂಡಲಗಿಯಲ್ಲಿ ಒಂದು ಕಟ್ಟಡದ ಕೆಲಸ ನಡೆದಾಗ ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ.

ಜೊತೆಗಾರರೆಲ್ಲ ಡಾಕ್ಟರಾದರು. ಒಬ್ಬ ಬದನೆಕಾಯಿ ಬಿಡು ಎಂದ, ಇನ್ನೊಬ್ಬ ರಕ್ತ ಕೆಟ್ಟಿದೆ ಎಂದ. ಮೂರನೆಯವನು ನನ್ನ ಚಹಾದ ಲೋಟ ಬೇರೆ ಇಟ್ಟ. ಅವನೂ ಗೋಡೆಯ ಮರೆಗೆ ಹೋಗಿ ಕೈ ಕೆರೆದುಕೊಳ್ಳುತ್ತಿದ್ದ, ಹೇಡಿ.

ಗುತ್ತಿಗೆದಾರನದು ಇನ್ನೂ ದೊಡ್ಡ ಜ್ಞಾನ. "ಸಿಮೆಂಟಿಂದ ಏನೂ ಆಗಂಗಿಲ್ಲೋ. ಆಗೂದಿದ್ರ ನನಗ್ಯಾಕ ಆಗಿಲ್ಲ?" ಎಂದ. ಸಿಮೆಂಟಿನ ಚೀಲವನ್ನು ಬೂಟಿನ ತುದಿಯಲ್ಲಷ್ಟೇ ಮುಟ್ಟಿದ ಮನುಷ್ಯ ಅವನು. ಕೊನೆಗೆ ಇಂಜಿನಿಯರ್ ಬರುವ ದಿನ ದಪ್ಪ ತೊಗಲಿನ ಕೈಗವಸು ತಂದು, ಎಲ್ಲರೆದುರು ನನ್ನ ಕೈಗೆ ತೊಡಿಸಿ ಫೋಟೊ ತೆಗೆಸಿಕೊಂಡ. ಹೂಮಾಲೆಯೊಂದು ಬಾಕಿ ಇತ್ತು.

ಒಂದು ತಿಂಗಳು ತೊಟ್ಟೆ. ತುರಿಕೆ ಮಣಿಕಟ್ಟು ದಾಟಿತು. ಬೆವರಿನ ಕಾಟ ಎಂದುಕೊಂಡೆ. ಮೇಲಾಗಿ ಅದನ್ನು ತೊಟ್ಟರೆ ಮೂಲೆ ಸರಿಯಾಗಿ ಕೂರುತ್ತಿರಲಿಲ್ಲ. ಕಳಚಿ, ಅಲ್ಲೇ ಸಿಮೆಂಟು ಕಲಸುತ್ತಿದ್ದ ಕೌಜಲಗಿಯ ಹೆಣ್ಣುಮಗಳಿಗೆ ಕೊಟ್ಟೆ. ಅವಳ ಅಂಗೈಯೂ ಒಡೆದಿತ್ತು. "ತಗೋ ಅವ್ವಾ, ಇನ್ನ ಮ್ಯಾಲೆ ಇದನ್ನ ಬಿಚ್ಚಬ್ಯಾಡ" ಎಂದೆ, ದಾನಶೂರನ ಗತ್ತಿನಲ್ಲಿ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ಕೆಲವು ವಾರಗಳಲ್ಲಿ ನನ್ನ ಗಾಯ ಕೀವಾಯಿತು. ಹುಕ್ಕೇರಿಯಲ್ಲಿ ಚರ್ಮದ ಡಾಕ್ಟರನ್ನು ಕಂಡೆ. ಅವರು ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ನೋಡಿ ಹೇಳಿದರು: "ಸಿಮೆಂಟಿನಾಗ ಕ್ರೋಮಿಯಂ ಅಂತ ಲೋಹ ಇರ್ತೈತ್ರಿ, ಚೂರೇ ಚೂರು. ಅದು ನಿಮ್ಮ ಮೈಗೆ ಆಗಿ ಬರಂಗಿಲ್ಲ. ಸಿಮೆಂಟಿನ ಕೆಲಸ ಬಿಡ್ರಿ."

ಕೈಗವಸು ತೊಟ್ಟಿದ್ದೆನಲ್ಲ ಎಂದೆ. ಎಂಥದ್ದು ಎಂದು ಕೇಳಿದರು. ತೊಗಲಿನದು ಎಂದಾಗ ಪೆನ್ನು ಕೆಳಗಿಟ್ಟರು.

"ತೊಗಲು ಹದಾ ಮಾಡೂದು ಅದೇ ಲೋಹದಿಂದರಿ. ಗವಸು ಒದ್ದಿ ಆದ್ರ ಅದು ಮತ್ತ ಕೈಗೇ ಇಳೀತೈತಿ. ರಬ್ಬರಿಂದು ಹಾಕೋಬೇಕಿತ್ತು."

ನನ್ನ ಕಸುಬು ಮುಗಿಯಿತು ಎನ್ನುವುದಕ್ಕಿಂತ ಮೊದಲು ನೆನಪಾದದ್ದು ಆ ಹೆಣ್ಣುಮಗಳು. ಅಲ್ಲಿಂದಲೇ ಬಸ್ಸು ಹಿಡಿದು ಮೂಡಲಗಿಗೆ ಹೋದೆ. ಅವಳು ಕೈಗವಸು ತೊಟ್ಟೇ ಸಿಮೆಂಟು ಕಲಸುತ್ತಿದ್ದಳು. ಕೊಡು ಎಂದೆ. ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಕೊಟ್ಟಿದ್ದು ವಾಪಸ್ ಕೇಳಾಕ ಬಂದಾನ ನೋಡ್ರೋ!" ಎಂದು ಯಾರೋ ಕೂಗಿದ. ಎಲ್ಲರೂ ನಕ್ಕರು. ಇದರಿಂದಲೇ ಕೈ ಕೆಡುತ್ತದೆ ಎಂದು ಹೇಳಿದೆ. ಅವಳು ನಂಬಲಿಲ್ಲ.

"ಬ್ಯಾಡಾದಾಗ ಕೊಟ್ಟು ಬೇಕಾದಾಗ ಕಸಗೊಳ್ಳಾಕ ಬಂದೀರಿ. ಆ ಕಾಂಟ್ರ್ಯಾಕ್ಟರಗೂ ನಿಮಗೂ ಏನ್ರಿ ಫರಕು? ನೀವು ಹೇಳಿದಂಗ ನಾ ಒಂದ ದಿನಾನೂ ಬಿಚ್ಚಿಲ್ಲ."

ಕೈ ಹಿಡಿದು ಎಳೆದೆ. ಕೈಗವಸು ಸಲೀಸಾಗಿ ಬರಲಿಲ್ಲ. ಬಂದಾಗ ಬೆರಳ ಚರ್ಮವನ್ನೂ ಕಿತ್ತುಕೊಂಡು ಬಂತು.