ನಮಗಿಂತ ಮೊದಲೇ ಮೆಟ್ರಿ ತಲುಪಿದ ಮಿರ್ಚಿ

ಇದನ್ನು ಬರೆಯುವಾಗಲೂ ನನ್ನ ನಾಲಿಗೆ ಉರಿಯುತ್ತಿದೆ! ಹೆಂಡತಿ ಸುಧಾಗೆ ಮೆಟ್ರಿಯ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ಆ ಹಳ್ಳಿಯಲ್ಲೇ ಮನೆ ಮಾಡೋಣ ಎನ್ನುತ್ತಾಳೆ ಅವಳು. ಹೊಸಪೇಟೆಯಲ್ಲಿದ್ದು ಓಡಾಡೋಣ ಎನ್ನುತ್ತೇನೆ ನಾನು. ಊರು ನೋಡಲು ಹೊರಟರೂ ಈ ವಾದ ಕಂಪ್ಲಿ ಬಸ್ ನಿಲ್ದಾಣದವರೆಗೂ ಮುಗಿಯದೆ, ಕೊನೆಗೆ ಅಲ್ಲಿ ಮಿರ್ಚಿ ಬಜ್ಜಿ ಕೊಂಡು, ಸುಧಾಳ ಕೆಲಸದ ವಿಷಯ ಹೇಳಿ ಅಂಗಡಿಯ ಅಕ್ಕನನ್ನೇ ಕೇಳಿದೆವು.

"ಮೆಟ್ರಿ ಏನ್ರಿ? ಗಾಳಿ ಮಸ್ತ್ ಐತಿ. ಆದ್ರ ಸುತ್ತ ಭತ್ತದ ಗದ್ದಿ, ಸೊಳ್ಳಿ ಭಾಳ. ಕರೆಂಟ್ ಹೇಳದ ಕೇಳದ ಹೋಗ್ತೈತಿ. ಮತ್ತ ಊರಾಗ ಏನೂ ಮುಚ್ಚಿಡಾಕ ಆಗಂಗಿಲ್ಲ ನೋಡ್ರಿ" ಎಂದರು ಅಕ್ಕ, ಬಾಣಲೆಯಿಂದ ಕಣ್ಣೆತ್ತದೆ.

"ಕೇಳಿದೆಯಾ? ಆ ಕೊನೆಯದು ನನ್ನಿಂದಾಗದು" ಎಂದು ಸುಧಾಗೆ ಹೇಳಿ ಮಿರ್ಚಿ ಕಚ್ಚುವಷ್ಟರಲ್ಲಿ ಖಾರ ನೆತ್ತಿಗೇರಿತು. ಬಸ್ಸೂ ಬಂದುಬಿಟ್ಟಿತು. ನೀರು ಕುಡಿಯಲೂ ಪುರುಸೊತ್ತಿಲ್ಲದೆ, ಕಣ್ಣೊರೆಸಿಕೊಳ್ಳುತ್ತಲೇ ಹತ್ತಿದೆ.

ಮೆಟ್ರಿಯಲ್ಲಿ ಇಳಿದರೆ, ಗುರುತಿಲ್ಲದ ಹಿರಿಯ ಹೆಂಗಸೊಬ್ಬರು ಚೊಂಬು, ಲೋಟ ಹಿಡಿದು ನಿಂತಿದ್ದಾರೆ!

"ಬರ್ರಿ ಟೀಚರಮ್ಮ. ಮಿರ್ಚಿ ಅಂಗಡಿಯಾಕಿ ನನ್ನ ತಂಗಿ. ನಿಮ್ಮ ಯಜಮಾನ್ರಿಗೆ ಖಾರ ಹತ್ತೈತಿ ಅಂತ ಫೋನ್ ಮಾಡಿದ್ಲು. ಮೊದ್ಲ ಮಜ್ಜಿಗಿ ಕುಡೀರಿ, ಆಮ್ಯಾಲ ನಮ್ಮ ಬಾಡಿಗಿ ಮನಿ ತೋರಸ್ತೀನಿ."

ಸುಧಾ ಬಿದ್ದು ಬಿದ್ದು ನಕ್ಕಳು. ನಾನು ಒಂದೇ ಗುಟುಕಿಗೆ ಲೋಟ ಬರಿದು ಮಾಡಿ, ಆ ಮನೆ ಇವರ ಮನೆಯಿಂದ ಎಷ್ಟು ದೂರ ಎಂದು ಕೇಳಿದೆ.

"ದೂರ ಎಲ್ಲೈತ್ರಿ? ನಡುವ ಒಂದ ಗ್ವಾಡಿ. ಅದೂ ಮೋಟು ಗ್ವಾಡಿ."

ನಾನು ಲೋಟವನ್ನು ಮತ್ತೆ ಮುಂದೆ ಚಾಚಿದೆ.