ಅತ್ತೆಯವರು ಅನ್ನ ಬಿಟ್ಟ ಆರು ವಾರ

ನಿಮ್ಮ ಅಪ್ಪ ಮೂರು ತಿಂಗಳ ಕೂಸಾಗಿದ್ದಾಗ ನನ್ನ ಎದೆಹಾಲು ಬತ್ತಿತು. ಯಾಕೆಂದು ಅವನಿಗೆ ಇದುವರೆಗೆ ಹೇಳಿಲ್ಲ. ಎದುರು ಕೂತು ಹೇಳಲು ನನಗೆ ಈಗಲೂ ಬಾಯಿ ಬರುವುದಿಲ್ಲ, ಅದಕ್ಕೇ ನಿಮಗೆ ಬರೆದಿಡುತ್ತಿದ್ದೇನೆ.

ಅರವತ್ತರ ದಶಕದ ಮಾತು. ನನ್ನ ಅತ್ತೆಯವರದು ದೊಡ್ಡ ಮೈ. ಮೊಣಕಾಲು ಊದಿ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು. ತೀರ್ಥಹಳ್ಳಿಯ ಡಾಕ್ಟರು ತೂಕ ನೋಡಿ, "ಮಧ್ಯಾಹ್ನ, ರಾತ್ರಿ ಅನ್ನ ಬೇಡ. ಬದಲಿಗೆ ಒಂದೊಂದು ಲೋಟ ರಾಗಿ ಅಂಬಲಿ, ಮಜ್ಜಿಗೆ ಹಾಕಿ ಕುಡೀರಿ. ಆರೇ ವಾರ, ಆಮೇಲೆ ಬಂದು ತೋರಿಸಿ" ಎಂದರಂತೆ. ಅತ್ತೆ ಹಟದವರು. ಮರುದಿನದಿಂದಲೇ ಊಟಕ್ಕೆ ಕೂರುವುದನ್ನು ಬಿಟ್ಟರು. ಅನ್ನದ ವಾಸನೆ ತಡೆಯಲಾರದೆ ಲೋಟ ಹಿಡಿದು ಜಗಲಿಗೆ ಹೋಗಿಬಿಡುತ್ತಿದ್ದರು.

ನಮ್ಮಲ್ಲಿ ಗಂಡಸರ ಊಟವಾದ ಮೇಲೆ ಅತ್ತೆಯದು, ಅವರದಾದ ಮೇಲೆ ನನ್ನದು. ಅವರು ಕೈತೊಳೆದು ಬಂದು "ಇನ್ನು ನೀನು ಉಣ್ಣು" ಎಂದ ಮೇಲೆಯೇ ನಾನು ಬಡಿಸಿಕೊಳ್ಳುವುದು. ಈಗ ಅವರು ಉಣ್ಣಲು ಕೂರುತ್ತಿರಲಿಲ್ಲ, ಹಾಗಾಗಿ ಆ ಮಾತೂ ಬರಲಿಲ್ಲ. ಅವರಿಗೆ ಮರೆತಿತ್ತು, ಅಷ್ಟೆ. ಕೇಳಲು ನನಗೆ ನಾಚಿಕೆ. ಅವರು ಅನ್ನ ಬಿಟ್ಟಿರುವಾಗ ನಾನೊಬ್ಬಳೇ ಬಡಿಸಿಕೊಂಡು ಉಂಡರೆ ಹೇಗೆ ಕಾಣುತ್ತದೋ ಎಂಬ ಅಂಜಿಕೆ ಬೇರೆ. ಪಾತ್ರೆಯಲ್ಲಿ ಉಳಿದ ಅಂಬಲಿಯನ್ನೇ ನಾನೂ ಕುಡಿದು ಏಳುತ್ತಿದ್ದೆ.

ಎರಡು ವಾರ ಕಳೆಯುವುದರೊಳಗೆ ಕೂಸು ಎದೆ ಬಿಟ್ಟು ಬಿಟ್ಟು ಅಳತೊಡಗಿತು. ಅತ್ತೆ ದೃಷ್ಟಿ ತೆಗೆದರು. ಬೆಳ್ಳುಳ್ಳಿ ಹುರಿದು ತಿನ್ನಿಸಿದರು. ನಾನು ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಮಜ್ಜಿಗೆಗೆಂದು ಬಂದ ಪಕ್ಕದ ಮನೆಯಾಕೆ ನನ್ನನ್ನು ನೋಡಿ ನಕ್ಕಳು. "ಅಂಬಲಿ ಕುಡಿಯೋದು ನೀವು, ಸಣ್ಣ ಆಗ್ತಿರೋದು ನಿಮ್ ಸೊಸೆ! ಎಂಥಾ ಔಷಧಿ ಅಮ್ಮಾ ಇದು!"

ಅತ್ತೆ ನಗಲಿಲ್ಲ. ಆಕೆ ಹೋದ ಮೇಲೆ ಒಳಗೆ ಬಂದು, "ಇವತ್ತೆಂತ ಉಂಡೆ?" ಎಂದರು.

"ಅಂಬಲಿ."

"ನಿನ್ನೆ?"

"ಅದೇ."

"ಹಾಲೂಡೋ ಹೆಂಗ್ಸು ನೀನು. ಅನ್ನ ಬಿಡು ಅಂತ ಯಾರೇ ಹೇಳಿದ್ರು ನಿಂಗೆ?"

"ನೀವು ಉಣ್ಣು ಅನ್ಲಿಲ್ಲ, ಅತ್ತೆ."

ಅವರು ಬಾಗಿಲ ಚೌಕಟ್ಟು ಹಿಡಿದು, ಆ ಊದಿದ ಮೊಣಕಾಲು ಮಡಚಿ ನೆಲಕ್ಕೆ ಕೂತು, ಅನ್ನ ಬಡಿಸಿ, ಸಾರು ಹಾಕಿ, ತುಪ್ಪ ಸುರಿದರು. "ನಂಗೆ ಅದು ಔಷಧಿ ಕಣೇ, ನಿಂಗಲ್ಲ. ಉಣ್ಣು." ನಾನು ಉಂಡು ಏಳುವವರೆಗೆ ಅವರು ಕದಲಲಿಲ್ಲ. ಅಲ್ಲಿಂದ ಮುಂದೆ ದಿನಾ ಎರಡು ಹೊತ್ತೂ ಅನ್ನದ ಪಾತ್ರೆಯ ಪಕ್ಕದಲ್ಲೇ ಕೂತು ಅಂಬಲಿ ಕುಡಿದರು.

ಹಾಲು ಮೊದಲಿನಷ್ಟು ಮರಳಲಿಲ್ಲ, ಬಂದದ್ದು ಸಾಲಲಿಲ್ಲ. ಆಕಳ ಹಾಲು ಕಾಯಿಸಿ, ನೀರು ಬೆರೆಸಿ, ಒಳಲೆಯಲ್ಲಿ ಕೂಸಿಗೆ ಕುಡಿಸುವ ಕೆಲಸವನ್ನು ಅತ್ತೆ ಬೇರೆ ಯಾರಿಗೂ ಬಿಡಲಿಲ್ಲ.

ಆರು ವಾರಕ್ಕೆ ಅವರ ಮೈ ಇಳಿದಿತ್ತು, ಏದುಸಿರೂ ಕಡಿಮೆಯಾಗಿತ್ತು. ಡಾಕ್ಟರು ತುಂಬ ಮೆಚ್ಚಿದರೆಂದು ನಮಗೆ ಹೇಳಿದ್ದು ಜೊತೆಗೆ ಹೋಗಿದ್ದ ನಿಮ್ಮ ಅಜ್ಜ. ತೂಕದ ಮಾತನ್ನು ಅತ್ತೆ ಒಮ್ಮೆಯೂ ಎತ್ತಲಿಲ್ಲ.