ಮೆಷಿನ್ನಿನ ಹಿಂದಿನ ಸಂದಿ

ಬೆಳಕು ಹರಿಯುವ ಮುಂಚೆ ಆಕೆ ಮಾಡಿ ಮುಗಿಸುವ ಕೆಲಸಗಳು ಇವು. ಹಾಲಿನ ಪ್ಯಾಕೆಟ್ಟು ಒಳಗೆ ತಂದು, ಕಾಯಿಸುವ ಮುಂಚೆ ಮೂಸಿ ನೋಡುವುದು. ಒಂದು ಒಲೆಯ ಮೇಲೆ ಅತ್ತೆಯ ಬಿಸಿನೀರು, ಇನ್ನೊಂದರ ಮೇಲೆ ಗಂಡನ ಚಹಾ ಇಡುವುದು. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುವುದು. ಅಡುಗೆಮನೆಯ ನೆಲ ಒರೆಸುವುದು. ಗಂಡನ ಡಬ್ಬಿ, ತನ್ನ ಡಬ್ಬಿ ತುಂಬಿ, ಅತ್ತೆಯ ಮಧ್ಯಾಹ್ನದ ಊಟ ಮುಚ್ಚಿಡುವುದು. ಗಂಡನ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವುದು. ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಅದನ್ನೇ ಮಾಡುವವಳಿಗೆ ಮನೆಯಲ್ಲಿ ಅದು ಕೆಲಸವೆಂದೇ ಯಾರಿಗೂ ಅನ್ನಿಸುವುದಿಲ್ಲ. ಕೊನೆಗೆ ಗ್ಯಾಸಿನ ಗುಂಡಿ ನೋಡಿ, ಮೆಟ್ಟಿಲಿಳಿದು, ನಂಬಿಕೆ ಸಾಲದೆ ಮತ್ತೆ ಹತ್ತಿ ಬಂದು ನೋಡುವುದು.

ಈಚೆಗೆ ಇವುಗಳ ಜೊತೆಗೆ ಇನ್ನೊಂದು ಸೇರಿತ್ತು. ಮೂವರ ಬಟ್ಟೆ, ಹಾಸಿಗೆಯ ಹೊದಿಕೆ ಸಮೇತ, ಕೈಯಲ್ಲಿ ಒಗೆದು ಹಿಂಡುವುದು. ಬಟ್ಟೆ ಒಗೆಯುವ ಮೆಷಿನ್ನು ಕೆಟ್ಟು ಕೂತಿತ್ತು.

ಲಾಂಡ್ರಿಯಲ್ಲಿ ಆಕೆಗೆ ಪತ್ತೇದಾರಕ್ಕ ಎಂದು ಹೆಸರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಬೇರೆಯವರಿಗೆ ಗಾದೆ, ಆಕೆಗೆ ದಿನಚರಿ. ಬಿಳಿ ಹೊದಿಕೆ ಮೇಜಿನ ಮೇಲೆ ಬಂದರೆ ಮೊದಲು ಬೆಳಕಿಗೆ ಹಿಡಿಯುತ್ತಾಳೆ, ಆಮೇಲೆ ಮಡಿಸುತ್ತಾಳೆ. ಯಾರಾದರೂ ಹೊಗಳಿದರೆ, ಇವರಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಯೋಚಿಸುತ್ತಾಳೆ. ಸಾಮಾನ್ಯವಾಗಿ ಏನಾದರೂ ಆಗಬೇಕಾಗಿಯೇ ಇರುತ್ತದೆ.

ಮೈ ದೊಡ್ಡದು. ಮೊದಲ ಬಸಿರು ನಿಲ್ಲದೆ ಹೋದ ವರ್ಷದಿಂದ ಏರತೊಡಗಿದ ತೂಕ ಮತ್ತೆ ಇಳಿದಿರಲಿಲ್ಲ. ದುಡಿಯುವವರಿಗೆ ಬೊಜ್ಜು ಬರುವುದಿಲ್ಲವೆಂದು ನಂಬಿದ್ದ ಅತ್ತೆಗೆ ಸೊಸೆಯ ಮೈಯೇ ಒಂದು ಸಾಕ್ಷಿ. "ಅಷ್ಟು ಕೆಲಸ ಮಾಡ್ತೀನಿ ಅಂತಾಳೆ. ಮಾಡಿದ್ದು ಮೈಮೇಲೆ ಕಾಣ್ಬೇಡ್ವಾ?" ಎಂದು ಪಕ್ಕದ ಮನೆಯಾಕೆಯ ಮುಂದೆ ಹೇಳುವುದು ಗೋಡೆ ದಾಟಿ ಕೇಳಿಸುತ್ತಿತ್ತು.

ಸಕ್ಕರೆ ಗಡಿಯ ಮೇಲೆ ಬಂದು ನಿಂತಿದೆ ಎಂದು ಡಾಕ್ಟರು ಹೇಳಿದ ದಿನ ಆಕೆಗೆ ನೆನಪಾದದ್ದು ತಾಯಿಯ ಕಾಲು. ಮೊದಲು ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗಿನದೆಲ್ಲ ಹೋಯಿತು. ತಾಯಿ ಉಳಿದ ವರ್ಷಗಳನ್ನು ಕಿಟಕಿಯ ಪಕ್ಕದ ಮಂಚದಲ್ಲಿ ಕಳೆದಳು. ಆ ಮಂಚ ಬೇಡ. ಅದೊಂದು ಬೇಡ. ಹಾಗಾಗಿ ಆಸ್ಪತ್ರೆಯ ಹಿಂಬದಿಯ ಹಜಾರದಲ್ಲಿ ವಾರಕ್ಕೆರಡು ಸಂಜೆ ನಡೆಯುವ ಕಸರತ್ತಿನ ಕ್ಲಾಸಿಗೆ ಸೇರಿಕೋ ಎಂದಾಗ ಸೇರಿಕೊಂಡಳು. ಸೇರಿಕೊಂಡಳೇ ಹೊರತು ನಂಬಲಿಲ್ಲ.

ಕಲಿಸುವಾಕೆ ಸಣಕಲು ಹೆಂಗಸು, ಕೊರಳಲ್ಲಿ ಸೀಟಿ. ಎಲ್ಲರೂ ಸೀಟಿ ಮೇಡಂ ಅನ್ನುತ್ತಿದ್ದರು. ಮೊದಲ ದಿನವೇ ಪತ್ತೇದಾರಕ್ಕ ಕೇಳಿದಳು: "ಕೊನೇಗೆ ಯಾವ ಪುಡಿ ಮಾರ್ತೀರಿ? ಈಗ್ಲೇ ಹೇಳ್ಬಿಡಿ, ಇಬ್ರಿಗೂ ಹೊತ್ತು ಉಳಿಯುತ್ತೆ."

"ಪುಡಿ ಇಲ್ಲ, ಮಾತ್ರೆ ಇಲ್ಲ. ನಿಮ್ಮ ತೊಡೆಯೊಳಗೇ ಔಷಧಿ ಅಂಗಡಿ ಇದೆ. ಶಟರ್ ಎತ್ತೋದು ಹೇಗೆ ಅಂತ ತೋರಿಸ್ತೀನಿ."

"ಅಂಗಡಿ ದೊಡ್ಡದೇ ಇದೆ ಬಿಡಿ," ಎಂದಳು ಆಕೆ. ಹಜಾರವಿಡೀ ನಕ್ಕಿತು. ಬೇರೆಯವರು ನಗುವ ಮುಂಚೆ ತನ್ನ ಮೈಯನ್ನು ನೋಡಿ ತಾನೇ ನಕ್ಕುಬಿಡುವುದು ಆಕೆಯ ಹಳೆಯ ಉಪಾಯ.

ಸೀಟಿ ಮೇಡಂ ನಗಲಿಲ್ಲ. ಬಿಡಿಸಿ ಹೇಳಿದಳು. ಮಾಂಸಖಂಡವೆಂದರೆ ಬರೀ ಭಾರ ಎತ್ತುವ ಹಗ್ಗವಲ್ಲ. ಚೆನ್ನಾಗಿ ಬಿಗಿದು ದುಡಿದಾಗ ಅದು ಕೆಲವು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಯಕೃತ್ತಿಗೆ, ಕೊಬ್ಬಿಗೆ, ಇನ್ಸುಲಿನ್ ತಯಾರಿಸುವ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತವೆ: ಸಕ್ಕರೆಯನ್ನು ಬಳಸಿಕೊಳ್ಳಿ, ಕೂಡಿಡಬೇಡಿ ಎಂದು. ಮೈ ದಪ್ಪವಿರುವವರಲ್ಲಿ ಈ ಸುದ್ದಿ ಕೆಲವೊಮ್ಮೆ ಸರಿಯಾಗಿ ಮುಟ್ಟುವುದಿಲ್ಲ. ಮಾಂಸಖಂಡ ಬಲಿತರೆ ಮುಟ್ಟುವುದು ಸುಧಾರಿಸಬಹುದು. "ಎಲ್ಲಾ ಗೊತ್ತಾಗಿದೆ ಅಂತ ನಾನು ಹೇಳಲ್ಲ. ಇನ್ನೂ ಹುಡುಕ್ತಾ ಇದಾರೆ. ತೂಕ ಹೆಚ್ಚು ಇಳೀದೆ ಇದ್ರೂ ಸಕ್ಕರೆ ಹತೋಟಿಗೆ ಬಂದಿರೋದನ್ನ ನಾನೇ ನೋಡಿದೀನಿ."

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರು ಮೋಸಗಾರರಾಗಿದ್ದರೆ ತುಂಬಾ ನುರಿತವರೇ ಇರಬೇಕು ಎಂದುಕೊಂಡಳು ಆಕೆ.

"ಮತ್ತೆ ನಾನು ಇಷ್ಟು ವರ್ಷ ನೆಲ ಒರೆಸಿದ್ದು, ಹೊದಿಕೆ ಎತ್ತಿದ್ದು? ಆವಾಗ ಇವು ಸುದ್ದಿ ಕಳಿಸ್ಲಿಲ್ವಾ? ರಜಾ ಹಾಕಿದ್ವಾ?"

"ಕಳಿಸಿರ್ತವೆ. ಆದ್ರೆ ಅದೇ ಭಾರ, ಅದೇ ಥರ, ದಿನಾ ಎತ್ತಿದ್ರೆ ಮಾಂಸಖಂಡ ಬೆಳೆಯಲ್ಲ, ಸವೆಯುತ್ತೆ. ಸ್ವಲ್ಪ ಸ್ವಲ್ಪ ಹೆಚ್ಚಿಸ್ಬೇಕು, ಮಧ್ಯೆ ಬಿಡುವು ಕೊಡ್ಬೇಕು. ಬೆಳೆಯೋದು ಬಿಡುವಿನಲ್ಲಿ."

ಬಿಡುವು ಎಂಬ ಮಾತು ಕೇಳಿ ಆಕೆಗೆ ಇನ್ನಷ್ಟು ಅನುಮಾನವಾಯಿತು. ಈವರೆಗೆ ಯಾರೂ ಆಕೆಗೆ ಅದನ್ನು ಔಷಧಿಯೆಂದು ಬರೆದುಕೊಟ್ಟಿರಲಿಲ್ಲ.

ಮನೆಯಲ್ಲಿ ಚಹಾ ಕುಡಿಯುತ್ತಾ ಇದನ್ನೆಲ್ಲ ಹೇಳಿದ್ದೇ ತಪ್ಪಾಯಿತೇನೋ. ಬಿಡುವಿನ ಮಾತು ಯಾರ ಕಿವಿಗೂ ಬೀಳಲಿಲ್ಲ. ಮಾಂಸಖಂಡ ದುಡಿಯಬೇಕು ಎಂಬುದು ಮಾತ್ರ ಅತ್ತೆಗೂ ಮಗನಿಗೂ ಕಂಠಪಾಠವಾಯಿತು.

"ನಾನು ಹೇಳಿದ್ದನ್ನೇ ಡಾಕ್ಟ್ರೂ ಹೇಳಿದಾರೆ," ಎಂದಳು ಅತ್ತೆ. "ನಮ್ಮ ಕಾಲದಲ್ಲಿ ಮೆಷಿನ್ ಇತ್ತಾ? ಸಕ್ಕರೆ ಕಾಯಿಲೆ ಇತ್ತಾ?"

ಒಂದು ಕಚೇರಿಯ ಗೇಟು ಕಾಯುವ ಗಂಡ ಲೋಟದೊಳಗೆ ನೋಡುತ್ತಾ ಹೇಳಿದ: "ಕ್ಲಾಸಿಗೆ ಹೋಗೋ ಸಂಜೆ ನನಗೆ ಚಹಾ ಸಿಗೋದು ಕತ್ತಲಾದ್ಮೇಲೆ. ಮನೇಲೇ ಕಸರತ್ತು ಮಾಡಿದ್ರೆ ಆಗಲ್ವಾ?"

ಮುಂದಿನ ವಾರ ಮೆಷಿನ್ನು ನಿಂತಿತು. ದೀಪ ಹತ್ತುತ್ತದೆ, ಗುರ್ ಎನ್ನುತ್ತದೆ, ಸುಮ್ಮನಾಗುತ್ತದೆ. ಆಕೆ ಲಾಂಡ್ರಿಯಲ್ಲಿದ್ದಾಗ ಮೆಕ್ಯಾನಿಕ್ಕು ಬಂದು ನೋಡಿಹೋದನಂತೆ. ಮೋಟಾರು ಸುಟ್ಟಿದೆಯಂತೆ. ಬಿಡಿಭಾಗ ಬರಬೇಕಂತೆ. ಬಚ್ಚಲ ಮೂಲೆಯಲ್ಲಿ ಮೆಷಿನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಇಣುಕಲು ಆಕೆ ಹೋದಾಗ ಗಂಡ ಬಾಗಿಲಲ್ಲಿ ನಿಂತು ನಕ್ಕ. "ಬೇಡ ಮಾರಾಯ್ತಿ. ಅಲ್ಲಿ ನೀನು ಸಿಕ್ಕಿಕೊಂಡ್ರೆ ಎಳೆಯೋಕೆ ಕ್ರೇನ್ ತರಿಸ್ಬೇಕು." ಆಕೆಯೂ ನಕ್ಕಳು, ಹಳೆಯ ಉಪಾಯದಂತೆ.

ಬಕೆಟ್ಟುಗಳ ಕಾಲ ಶುರುವಾಯಿತು. ಒದ್ದೆ ಹೊದಿಕೆ ಹಿಂಡಿ ಹಿಂಡಿ ಮುಂಗೈ ಊದಿತು. ರಾಶಿ ಮುಗಿಯದೆ ಎರಡು ಕ್ಲಾಸು ತಪ್ಪಿದವು. ಮೂರನೆಯದಕ್ಕೆ ಹೋದಾಗ ತೊಡೆಯ ಕಸರತ್ತು ಸಲೀಸಾಗಿ ಆಯಿತು. ಗೋಡೆಗೆ ಬೆನ್ನು ಕೊಟ್ಟು ಕಾಲಿನಿಂದ ಭಾರ ತಳ್ಳುವುದರಲ್ಲಿ ಆಕೆಯನ್ನು ಮೀರಿಸುವವರು ಆ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಆದರೆ ಮೊದಲ ದಿನ ಎತ್ತಿದ್ದ ಮರಳಿನ ಚೀಲ ಈಗ ಕೈಯಿಂದ ಮೇಲೇಳಲಿಲ್ಲ.

"ಮನೇಲಿ ಏನಾದ್ರೂ ಹೊಸ ಕೆಲಸ ಶುರುವಾಗಿದ್ಯಾ?" ಎಂದಳು ಸೀಟಿ ಮೇಡಂ.

"ಮನೆ ವಿಷ್ಯ ನಿಮಗ್ಯಾಕೆ? ನಿಮ್ಮ ಕಸರತ್ತು ಸರಿ ಇಲ್ಲ ಅನ್ನಿ." ಹೇಳಿದ ಮೇಲೆ ಆಕೆಗೇ ತನ್ನ ದನಿ ಅತ್ತೆಯ ದನಿಯಂತೆ ಕೇಳಿಸಿತು.

"ಸರಿ. ಆದ್ರೆ ಇನ್ನೊಂದು ಸಲ ತಪ್ಪಿಸಿದ್ರೆ ಜಾಗ ಕಾಯ್ತಿರೋರಿಗೆ ಹೋಗುತ್ತೆ. ಅದು ನನ್ನ ಕೈಲಿಲ್ಲ."

ಆ ವಾರವೆಲ್ಲ ಆಕೆ ಸೀಟಿ ಮೇಡಂ ಮೇಲೆಯೇ ಅನುಮಾನಪಟ್ಟಳು. ಬೇಕೆಂದೇ ಹೆದರಿಸುತ್ತಿದ್ದಾಳೆ, ಆಮೇಲೆ ಯಾವುದೋ ದುಬಾರಿ ಚಿಕಿತ್ಸೆಗೆ ತಳ್ಳುತ್ತಾಳೆ ಎಂದು. ಅನುಮಾನಕ್ಕೂ ಅಭ್ಯಾಸಬಲವಿರುತ್ತದೆ; ಅದು ಮೊದಲು ಹೊರಗಿನವರ ಬಾಗಿಲನ್ನೇ ತಟ್ಟುತ್ತದೆ.

ಅದನ್ನು ಮನೆಯ ಕಡೆ ತಿರುಗಿಸಿದವನು ಲಾಂಡ್ರಿಗೆ ರಿಪೇರಿಗೆಂದು ಬಂದ ಮುದುಕ ಮೆಕ್ಯಾನಿಕ್ಕು. ಆಕೆ ಇಸ್ತ್ರಿ ಮೇಜಿನಿಂದಲೇ ಕೇಳಿದ್ದಳು: "ಅಣ್ಣಾ, ಮೋಟಾರು ಸುಟ್ಟರೆ ಬಿಡಿಭಾಗ ಬರೋಕೆ ಎಷ್ಟು ದಿನ ಬೇಕು?"

"ಅದು ಕಂಪನಿ ಮೇಲೆ. ಸುಟ್ಟ ವಾಸನೆ ಹೋಯ್ತಾ ಮನೇಲಿ? ನಮ್ಮನೇದು ಸುಟ್ಟಾಗ ನನ್ನ ಹೆಂಡ್ತಿ ವಾರಗಟ್ಲೆ ಮೂಗು ಮುಚ್ಕೊಂಡೇ ಓಡಾಡಿದ್ಲು."

ಇಸ್ತ್ರಿ ಪೆಟ್ಟಿಗೆ ಆಕೆಯ ಕೈಯಲ್ಲಿ ಹಾಗೇ ನಿಂತಿತು. ಕಾಯಿಸದ ಹಾಲಿನ ಹುಳಿಯನ್ನೂ ಮೂಸಿ ಹೇಳುವ ಮೂಗು ತನ್ನದು. ಮನೆಯಲ್ಲಿ ಯಾವ ವಾಸನೆಯೂ ಬಂದಿರಲಿಲ್ಲ.

"ಅಕ್ಕಾ, ಹೊದಿಕೆ ಕಪ್ಪಾಗ್ತಿದೆ," ಎಂದರು ಯಾರೋ.

ಮರುದಿನ ಆಕೆಗೆ ರಜೆ. ಸಂಜೆ ಕ್ಲಾಸು. ಗಂಡ ಗೇಟಿನ ಕೆಲಸಕ್ಕೆ ಹೋಗಿದ್ದ, ಅತ್ತೆ ಪಕ್ಕದ ಮನೆಯಲ್ಲಿ ಟೀವಿಯ ಮುಂದಿದ್ದಳು. ಬಚ್ಚಲಲ್ಲಿ ರಾಶಿ ಬಿದ್ದಿತ್ತು. ಎರಡು ಹೊದಿಕೆ, ಅತ್ತೆಯ ಬಟ್ಟೆ, ಗಂಡ ನಾಳೆಗೆ ಬೇಕೆಂದು ಹಾಕಿದ್ದ ಸಮವಸ್ತ್ರ. ಒಗೆಯಲು ಕೂತರೆ ಕ್ಲಾಸಿಲ್ಲ.

ಆಕೆ ಬಾಗಿಲು ಹಾಕಿಕೊಂಡು ಮೆಷಿನ್ನನ್ನು ಕೈಯಿಂದ ಎಳೆದು ನೋಡಿದಳು. ಅದು ಅಲುಗಲಿಲ್ಲ. ಆಗ ನೆಲದ ಮೇಲೆ ಕೂತು, ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಮೆಷಿನ್ನಿನ ಬದಿಗೆ ಎರಡೂ ಪಾದ ಊರಿ, ಕ್ಲಾಸಿನಲ್ಲಿ ಕಲಿತಂತೆ ಉಸಿರು ಬಿಡುತ್ತಾ ತಳ್ಳಿದಳು. ತೊಡೆ ಬಿಗಿದು ನಡುಗಿತು. ಮೆಷಿನ್ನು ಕಿರ್ ಎಂದು ಜರುಗಿತು. ಮತ್ತೆ ತಳ್ಳಿದಳು. ಈಗ ಅದು ಬಿಟ್ಟ ಜಾಗದಲ್ಲಿ ಆಕೆಯಂಥ ಇಬ್ಬರು ನಿಲ್ಲಬಹುದಿತ್ತು.

ಗೋಡೆಯಲ್ಲಿ, ನೀರಿನ ಪೈಪು ಸೇರುವಲ್ಲಿ, ಒಂದು ಪುಟ್ಟ ನಲ್ಲಿ. ಅದನ್ನು ಮುಚ್ಚಲಾಗಿತ್ತು. ಮೆಷಿನ್ನಿಗೆ ಇನ್ನೇನೂ ಆಗಿರಲಿಲ್ಲ. ನಲ್ಲಿ ತಿರುಗಿಸಿ ಗುಂಡಿ ಒತ್ತಿದಳು. ನೀರು ಧುಮುಕಿತು, ಮೋಟಾರು ಏನೂ ಆಗಿಲ್ಲವೆಂಬಂತೆ ತಿರುಗತೊಡಗಿತು.

ಮೆಕ್ಯಾನಿಕ್ಕು ಬಂದಿರಲಿಲ್ಲ. ತನ್ನ ಮೈ ಹಿಡಿಸದ ಜಾಗವನ್ನು ನೋಡಿಯೇ ತಾಯಿ ಮಗ ಆ ನಲ್ಲಿಯನ್ನು ಮುಚ್ಚಿದ್ದರು. ಪ್ರೀತಿಯಿಂದಲೋ, ಚಹಾಕ್ಕಾಗಿಯೋ? ಎರಡೂ ಇದ್ದಿರಬಹುದು. ಕೇಳಿದರೆ, ನಿನ್ನ ಒಳ್ಳೇದಕ್ಕೇ ಅಲ್ವಾ ಎಂದು ಶುರುಮಾಡಿ ಇಬ್ಬರೂ ಸಂಜೆಯಿಡೀ ಮಾತಾಡುತ್ತಾರೆ, ಕೊನೆಗೆ ಕಣ್ಣೀರು ಹಾಕುವವರೂ ಅವರೇ. ನಲ್ಲಿ ತೆರೆದೇ ಬಿಟ್ಟರೆ, ಮೆಕ್ಯಾನಿಕ್ಕು ಬಂದುಹೋದ ನೋಡು ಎನ್ನುತ್ತಾರೆ. ರಾಶಿ ತುಂಬುವವಳು, ಒಣಹಾಕುವವಳು, ಮಡಿಸುವವಳು ಮತ್ತೆ ಅವಳೇ.

ಆಕೆ ಗುಂಡಿ ಒತ್ತಿ ಮೆಷಿನ್ನು ನಿಲ್ಲಿಸಿ, ಒಳಗಿನ ನೀರನ್ನು ಹೊರಗೆ ಬಿಟ್ಟಳು. ಸಂದಿಗೆ ಬಗ್ಗಿ ನಲ್ಲಿಯನ್ನು ಮತ್ತೆ ಮುಚ್ಚಿದಳು, ಮೊದಲಿಗಿಂತ ಬಿಗಿಯಾಗಿ. ಎದುರಿನ ಗೋಡೆಗೆ ಬೆನ್ನು ಕೊಟ್ಟು ಮೆಷಿನ್ನನ್ನು ಇದ್ದ ಜಾಗಕ್ಕೇ ತಳ್ಳಿದಳು. ನೆಲದ ಗೀರನ್ನು ಒರೆಸಲಿಲ್ಲ. ಒಗೆಯದ ರಾಶಿಯನ್ನು ಮೆಷಿನ್ನಿನ ಮೇಲೆ ಪೇರಿಸಿ, ಎಲ್ಲಕ್ಕಿಂತ ಮೇಲೆ ಗಂಡನ ಸಮವಸ್ತ್ರವಿಟ್ಟಳು. ಬಕೆಟ್ಟು ಅಲ್ಲೇ ಇತ್ತು, ಸಾಬೂನೂ ಇತ್ತು. ಕೈಯಲ್ಲಿ ಒಗೆಯುತ್ತಾರೋ ನಲ್ಲಿ ತಿರುಗಿಸುತ್ತಾರೋ ಅವರೇ ನೋಡಿಕೊಳ್ಳಲಿ.

ಟವೆಲ್ಲು, ಬೂಟುಗಳ ಚೀಲ ಹೆಗಲಿಗೇರಿಸಿ ಆಕೆ ಕ್ಲಾಸಿಗೆ ಹೊರಟಳು.